ಹಗೇವಿನ ತೀರ್ಥ, ಸಮುದ್ರದ ಬದನೀಕಾಯಿ

ನಗುವ ಸಂಗತಿ ಹುಡುಕಿಕೊಂಡು ನಾನು ಎಂದೂ ಮನೆ ಬಿಟ್ಟು ಹೋದವನಲ್ಲ. ಅವೇ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಮ್ಮ ಓಣಿ ಯಾವುದು ಅಂತ ಕೇಳಿಕೊಂಡು ಬಂದು, ಕಟ್ಟೆಯ ಮೇಲೆ ನನ್ನ ಮಗ್ಗಲಿಗೆ ಕೂಡುತ್ತವೆ. ನಾನು ಏನೂ ಮಾಡಿರುವುದಿಲ್ಲ. ಅಂದರೆ, ಭಾಳ ಏನೂ ಮಾಡಿರುವುದಿಲ್ಲ.

ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಎರಡು ಸಲ ಕೂತೆ, ಎರಡು ಸಲವೂ ಸುಮ್ಮನೆ ಎದ್ದು ಬಂದೆ. ಅಪ್ಪ ಅರಳೆ ಅಂಗಡಿಗೆ ಹಚ್ಚಿದ. ಅಲ್ಲಿ ಅರಳೆಯ ಒಟ್ಟಿಲೊಳಗೆ ಹೊಕ್ಕು ಮಲಗಿದ್ದಾಗ ಹಮಾಲರು ನನ್ನನ್ನೂ ಸೇರಿಸಿ ತಕ್ಕಡಿಗೆ ಏರಿಸಿಬಿಟ್ಟರು. ಸಾವಕಾರ ಅಪ್ಪನನ್ನು ಕರೆದು, “ಹುಡುಗ ತೂಕಕ್ಕ ಛಲೋ ಬೀಳತಾನ, ಕೆಲಸಕ್ಕ ಬೀಳೂದಿಲ್ಲ” ಅಂದ. ಅಂದಿನಿಂದ ನಾನು ಮನೆಯಲ್ಲಿ ಆಯಿಯ ಕೈಕೆಳಗೆ. ಆಯಿ ಅಂದರೆ ನಮ್ಮಪ್ಪನ ತಾಯಿ. ಲಿಂಗಪೂಜೆ ಆಗದೆ ಹನಿ ನೀರು ಬಾಯಿಗೆ ಬಿಡುವವಳಲ್ಲ, ನನ್ನ ಕಿವಿ ಹಿಂಡದೆ ಪೂಜೆಗೆ ಕೂಡುವವಳೂ ಅಲ್ಲ.

ಗೋಡೆಗೆ ಗೋಡೆ ಹತ್ತಿದ ಮನೆ ಗಾರ್ಡ್ ಕಾಕಾನದು. ಗೋವೆಯ ಕಡೆಯ ಕಿರಿಸ್ತಾನರು. ಘಟ್ಟ ಇಳಿದು ಸಮುದ್ರದ ತನಕ ಹೋಗಿ ಬರುವ ಗಾಡಿಗೆ ಗಾರ್ಡ್. ಹೆಂಡತಿ ತೀರಿಕೊಂಡಾಗ ಮಗಳು ಇನ್ನೂ ಅಂಬೆಗಾಲಿನ ಕೂಸು. ಕಾಕಾ ಗಾಡಿಯ ಮೇಲೆ ಹೋದಾಗೆಲ್ಲ ಆ ಕೂಸು ನಮ್ಮ ಕಟ್ಟೆಯ ಮೇಲೆ, ಆಯಿಯ ಮಗ್ಗಲಲ್ಲಿ. ಅಕಿ ನನಗೆ ಅಕ್ಕ. ಆಯಿ ಅಕಿಯ ತಲೆ ಬಾಚಿದಳು, ಹಾಡು ಕಲಿಸಿದಳು, ರೊಟ್ಟಿ ಬಡಿಯುವುದನ್ನು ಕಲಿಸಿದಳು. ಆದರೆ ಅವರ ಮನೆಯ ಹನಿ ನೀರನ್ನೂ ಆಯಿ ಮುಟ್ಟಿದವಳಲ್ಲ. ಅದು ಆಯಿಯ ನೇಮ. ಅಕ್ಕನೂ ಎಂದೂ ಕೊಡಲು ಬಂದವಳಲ್ಲ. ಅದು ಅಕ್ಕನ ಮರ್ಯಾದೆ.

ಹೋದ ವರ್ಷ ಆ ಅಕ್ಕನ ಲಗ್ನ ಗೊತ್ತಾಯಿತು, ತಪ್ಪಿತು ಅನ್ನುವಂತಾಯಿತು, ಮತ್ತೆ ಆಯಿತು. ಅದಕ್ಕೆ ಕಾರಣ ಒಂದು ಮೀನು, ಒಂದು ಗುಡ್ಡ, ಮತ್ತು ನಮ್ಮ ಹಿತ್ತಲಿನ ಒಂದು ತೆಗ್ಗು.

೧. ಬೆಕ್ಕಿಗೆ ಗೊತ್ತು ಗಾಡಿಯ ಹೊತ್ತು

ಕಾಕಾ ಸಮುದ್ರದ ಕಡೆಯಿಂದ ಬರುವಾಗ ಗಾರ್ಡ್ ಡಬ್ಬಿಯಲ್ಲಿ ಒಂದು ಬುಟ್ಟಿ ಮೀನು ತರುತ್ತಿದ್ದ. ಕೆಳಗೆ ಬರ್ಫ, ಮೇಲೆ ಬಾಳೆಲೆ, ಅದರ ಮೇಲೆ ಗೋಣಿಯ ತಟ್ಟು. ಇಷ್ಟೆಲ್ಲ ಮುಚ್ಚಿದರೂ ಬೆಕ್ಕಿನ ಮೂಗನ್ನು ಯಾರು ಮುಚ್ಚುವವರು? ಗಾಡಿ ಇನ್ನೂ ಧಾರವಾಡದ ದಾರಿಯಲ್ಲಿ ಇರುವಾಗಲೇ ಓಣಿಯ ಬೆಕ್ಕುಗಳೆಲ್ಲ ಎದ್ದು, ಮೈ ಮುರಿದು, ಸ್ಟೇಶನ್ನಿನ ಕಡೆ ಹೊರಡುತ್ತಿದ್ದವು. ಗಾಡಿ ತಡ ಇದ್ದ ದಿನ ಅವೂ ತಡವಾಗಿ ಹೊರಡುತ್ತಿದ್ದವು. ಅದು ಹೇಗೆ ಅಂತ ನನ್ನನ್ನು ಕೇಳಬೇಡಿರಿ. ಊರಿಗೆ ಹೋಗುವವರು ಮೊದಲು ನಮ್ಮ ಕಟ್ಟೆಗೆ ಬಂದು, “ಬೆಕ್ಕು ಹ್ವಾದುವೇನು ತಮ್ಮಾ?” ಅಂತ ಕೇಳುವರು. “ಇನ್ನೂ ಮಲಗ್ಯಾವ್ರಿ” ಅಂದರೆ ಮನೆಗೆ ಹೋಗಿ ಊಟ ಮುಗಿಸಿ ಬರುವರು.

ನನ್ನನ್ನು ಮುಲ್ಕಿಯಲ್ಲಿ ಎಬ್ಬಿಸಿ ಕಳಿಸಿದ ಮಾಸ್ತರರು ಒಂದು ದಿನ ನಮ್ಮ ಕಟ್ಟೆಯ ಕೆಳಗೆ ಜೋಡು ಬಿಟ್ಟು, ಅಪ್ಪನ ಹತ್ತಿರ ನನ್ನ ಭವಿಷ್ಯದ ಬಗ್ಗೆ ಮಾತಾಡಲು ಒಳಗೆ ಹೋದರು. ಭವಿಷ್ಯ ಉದ್ದ ಇತ್ತು, ಮಾತೂ ಉದ್ದ ಆಯಿತು. ಗೋಡೆಯ ಆಚೆ ಕಾಕಾನ ಮೀನಿನ ತಟ್ಟು ಒಣಗಲು ಹಾಕಿದ್ದರು. ನಾನು ಅದನ್ನು ತಂದು ಆ ಜೋಡನ್ನು ಚೆನ್ನಾಗಿ ತಿಕ್ಕಿ ಇಟ್ಟೆ. ಗುರುಗಳ ಪಾದರಕ್ಷೆ ಒರೆಸಿದರೆ ಪುಣ್ಯ ಅಂತ ಸಾಲಿಯಲ್ಲಿ ಅವರೇ ಹೇಳಿಕೊಟ್ಟಿದ್ದರು.

ಮಾಸ್ತರರು ಮುಂದೆ, ಬೆಕ್ಕುಗಳು ಹಿಂದೆ. ಅವರು ನಿಂತರೆ ಅವೂ ನಿಂತವು. ಅವರು ಛೇ ಅಂದರೆ ಅವು ಮ್ಯಾಂವ್ ಅಂದವು. ಸಾಲಿಯ ಬಾಗಿಲು ದಾಟಿ, ತರಗತಿಯ ಒಳಗೂ ಹೋಗಿ, ಸಾಲಾಗಿ ಕೂತವು. ಆ ಮಾಸ್ತರರ ತರಗತಿಯಲ್ಲಿ ಅಷ್ಟು ಮಂದಿ ಅಷ್ಟು ಲಕ್ಷ್ಯ ಕೊಟ್ಟು ಕೂತದ್ದು ಅದೇ ಮೊದಲಂತೆ.

೨. ಸಮುದ್ರದ ಬದನೀಕಾಯಿ

ಅಕ್ಕನನ್ನು ನೋಡಲು ಬಂದ ಬೀಗರು ಸಮುದ್ರದ ದಂಡೆಯವರು. ಅಂದರೆ ವರನ ಅಪ್ಪ. ವಯಸ್ಸಿನಲ್ಲಿ ಹುಬ್ಬಳ್ಳಿಯ ರೇಲ್ವೆ ಕಾರಖಾನೆಯಲ್ಲಿ ದುಡಿದವರು, ಹಾಗಾಗಿ ನಮ್ಮ ಮಾತು ಬರುತ್ತಿತ್ತು. ದೊಡ್ಡ ಹೊಟ್ಟೆ, ದೊಡ್ಡ ಮೀಸೆ, ಕೈಯಲ್ಲಿ ದೊಡ್ಡ ಕರೀ ಛತ್ರಿ. ಮಳೆಗಾಲ ಮುಗಿದು ಎಷ್ಟೋ ದಿನ ಆಗಿತ್ತು. “ಛತ್ರಿ ಯಾಕ್ರಿ?” ಅಂತ ಕೇಳಿದರೆ, “ನಾವು ಸಮುದ್ರದ ಮಂದಿ, ಮುಗಿಲನ್ನ ನಂಬೂದಿಲ್ಲ” ಅನ್ನುವರು. ಬಿಸಿಲಿಗೆ ಮಾತ್ರ ಬಿಚ್ಚುತ್ತಿರಲಿಲ್ಲ. ಮಳೆಯ ಛತ್ರಿಯನ್ನು ಬಿಸಿಲಿಗೆ ಸವೆಸಬಾರದಂತೆ.

ಅವರ ಮಗ ಎತ್ತರ, ತೆಳ್ಳಗೆ, ಕೊಂಕಣಿ ಬಿಟ್ಟು ಬೇರೆ ಏನೂ ಬರದವ. ಅಕ್ಕನನ್ನು ಒಮ್ಮೆ ನೋಡಿ, ಮುಂದೆ ತನ್ನ ಬೂಟು ನೋಡುತ್ತ ಕೂತ. ಅಕ್ಕನೂ ಅವನ ಬೂಟನ್ನೇ ನೋಡುತ್ತಿದ್ದಳು. ಬೂಟು ಇಬ್ಬರಿಗೂ ಪಸಂದ ಬಂದಂತೆ ಕಾಣಿಸಿತು.

ಕಷ್ಟ ಬಂದದ್ದು ಮೀನಿನ ಕಡೆಯಿಂದ. ಬೀಗರು ಬರುವಾಗಲೇ ಒಂದು ಬುಟ್ಟಿ ಬಂಗುಡೆ ತಂದಿದ್ದರು. “ಮಧ್ಯಾಹ್ನ ನಮ್ಮ ಸೊಸಿ ಕೈದು ಉಣ್ಣೂಣು” ಅಂದರು. ಅಕ್ಕ ಒಳಗೆ ಬಂದು ಅಳಲು ಕೂತಳು. ತಾಯಿ ಇಲ್ಲದ ಮನೆ. ಕಾಕಾ ಮೀನು ಹಸನು ಮಾಡಿ ಎಣ್ಣೆಯಲ್ಲಿ ಒಗೆಯುತ್ತಿದ್ದ, ಸುಟ್ಟಿದ್ದನ್ನು ಕೆರೆದು ಬಡಿಸುತ್ತಿದ್ದ. ಅಕ್ಕನಿಗೆ ಬರುತ್ತಿದ್ದ ಅಡಿಗೆಯೆಲ್ಲ ನಮ್ಮ ಆಯಿಯದು: ರೊಟ್ಟಿ, ಜುಣಕ, ಬದನೀಕಾಯಿಯ ಎಣ್ಣೆಗಾಯಿ.

“ತಮ್ಮಾ, ಏನರ ಮಾಡೋ” ಅಂದಳು.

ನಾನು ಗೋಡೆ ಹಾರಿ ಆಯಿಯ ಮುಂದೆ ಕೂತೆ. ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಆಯಿ, ಸಮುದ್ರದ ದಂಡಿಗೆ ಒಂದು ನಮೂನಿ ಬದನಿಕಾಯಿ ಬೆಳಿತಾವಂತ. ಅಕ್ಕಗ ಅದನ್ನ ಮಾಡಾಕ ಬರವಲ್ದು.”

“ಎಂಥಾ ಬದನಿಕಾಯಿಲೇ?”

“ಉದ್ದಕ ಇರತಾವ. ಬೆನ್ನು ನೀಲಿ, ಹೊಟ್ಟಿ ಬೆಳ್ಳಗ.”

“ತೊಟ್ಟು?”

“ತೊಟ್ಟಿನ ಕಡೆ ಒಂಚೂರು… ಬಾಲ ಇದ್ದಂಗ ಇರತೈತಿ.”

ಆಯಿ ಮೊರದಿಂದ ತಲೆ ಎತ್ತಲಿಲ್ಲ. “ನೀರಾಗಿನ ಬದನಿಕಾಯಿ ಲಗೂನ ಬೇಯತಾವು. ಭಾಳ ಕೈಯಾಡಸಬ್ಯಾಡ ಅನ್ನು, ಮುರಿತಾವು. ಮ್ಯಾಲ ಸೀಳು ಹಾಕಿ, ಹುರದ ಶೇಂಗಾ, ಗುರೆಳ್ಳು, ಒಣಕೊಬ್ರಿ, ಮಸಾಲಿ ಖಾರ ತುಂಬಬೇಕು. ಹುಣಸಿಹಣ್ಣಿಗೆ ಕೈ ಹಿಡಿಬಾರದು, ಬೆಲ್ಲಾ ಚೂರ ಸಾಕು. ಬಳ್ಳೊಳ್ಳಿ ಜಾಸ್ತಿ ಹಾಕು ಅನ್ನು, ವಾಸನಿ ಹೋಗಬೇಕು.”

“ಯಾವ ವಾಸನಿ ಆಯಿ?”

“ಬದನಿಕಾಯ್ದು” ಅಂದು ಆಯಿ ಜೋಳದಲ್ಲಿ ಒಂದು ಹಳ್ಳು ಹುಡುಕಿ ದೂರ ಒಗೆದಳು.

ಆಯಿಯಂಥ ಆಯಿಯನ್ನೇ ಮರುಳು ಮಾಡಿದೆನಲ್ಲ ಅಂತ ನಾನು ಉಬ್ಬಿಕೊಂಡು ಗೋಡೆ ಹಾರಿದೆ.

ಊಟದ ಹೊತ್ತಿಗೆ ಬೀಗರ ತಾಟಿನಲ್ಲಿ ಬಂಗುಡೆಯ ಎಣ್ಣೆಗಾಯಿ, ಮಗ್ಗಲಲ್ಲಿ ಬಿಸಿ ರೊಟ್ಟಿ. ಅವರು ಒಂದು ತುತ್ತು ತಿಂದು ಸುಮ್ಮನಾದರು. ಅಕ್ಕನ ಮುಖ ಬಾಡಿತು. ಅವರು ಮತ್ತೊಂದು ಮೀನು ಹಾಕಿಸಿಕೊಂಡರು. ಮತ್ತೂ ಸುಮ್ಮನೆ. ಮಗ ಮೊದಲ ಸಲ ಬೂಟು ನೋಡುವುದು ಬಿಟ್ಟು ತಾಟು ನೋಡಿದ. ಕಡೆಗೆ ಬೀಗರು ಮೀಸೆ ಒರೆಸಿಕೊಂಡು ಹೇಳಿದರು:

“ಸಣ್ಣಾವ ಇದ್ದಾಗಿಂದ ಈ ಮೀನು ತಿನಕೋತ ಬಂದೀನಿ. ಸಮುದ್ರದಾಗ ಇದ್ದಾಗ ಇದು ಇಷ್ಟು ಶಾಣ್ಯಾ ಇದ್ದಿದ್ದಿಲ್ಲ. ಹುಬ್ಬಳ್ಳಿಗೆ ಬಂದ ಮ್ಯಾಲ ಕಲ್ತೈತಿ.”

ಒಂದು ದಿನದ ಮಟ್ಟಿಗೆ ಬಂದ ಮೀನು ಹುಬ್ಬಳ್ಳಿಯಲ್ಲಿ ಶಾಣ್ಯಾ ಆಗಿ ಹೋಯಿತು. ಇಲ್ಲೇ ಹುಟ್ಟಿದ ನಾನೊಬ್ಬನೇ ಉಳಿದೆ.

೩. ಗುಡ್ಡದ ಆಣೆ

ಉಂಡು ಎದ್ದ ಮೇಲೆ ಬೀಗರು ತಮ್ಮ ಗುಡ್ಡದ ವಿಷಯ ತೆಗೆದರು. ಸಮುದ್ರಕ್ಕೆ ಹತ್ತಿದ ಗುಡ್ಡ. ಮುಂಜಾನೆ ಮಂಜು, ಸಂಜೆಗೆ ಶಾಲು ಹೊದೆಯುವಂಥ ತಂಪು ಗಾಳಿ. ಆ ತಂಪಿಗೆ ದ್ರಾಕ್ಷಿ ಬರುತ್ತದೆ ಅಂತ ಇವರು ಬಳ್ಳಿ ಹಚ್ಚಿದರು. ತೆಂಗಿನ ನಾಡಿನಲ್ಲಿ ದ್ರಾಕ್ಷಿ! ತಮ್ಮಂದಿರೆಲ್ಲ ನಕ್ಕರು. ಹಣ್ಣು ಬಂತು. ಹಿಂಡಿ ವೈನು ಮಾಡಿದರು. ಆದರೆ ಗುಡ್ಡ ತಂಪಿದ್ದರೂ ಮನೆ ಇರುವುದು ಕೆಳಗೆ, ದಂಡೆಯ ಸೆಕೆಯಲ್ಲಿ. ನೆಲದೊಳಗೆ ಇಡೋಣ ಅಂದರೆ ಅಲ್ಲಿ ಮೊಳ ಅಗೆದರೆ ನೀರು. ಮೊದಲ ಫಸಲು ಅಷ್ಟೂ ಹುಳಿಯಾಗಿ ಶಿರಕಾ ಆಯಿತು. ತಮ್ಮಂದಿರು ಗಡಿಗೆ ತಂದು, ‘ಉಪ್ಪಿನಕಾಯಿಗೆ ಛಲೋ ಆಗೇತಿ ಅಣ್ಣಾ’ ಅಂತ ತುಂಬಿಕೊಂಡು ಹೋದರು.

“ಅವತ್ತ ಇಗರ್ಜಿ ಮುಂದ ನಿಂತು ಆಣಿ ಮಾಡೀನಿ” ಅಂದರು ಬೀಗರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು. “ನನ್ನ ಮಗನ ಲಗ್ನದಾಗ ಅಂಗಡಿ ಬಾಟ್ಲಿ ಬರೂದಿಲ್ಲ. ಹರಸಾಕ ಎತ್ತೂ ಗ್ಲಾಸಿನಾಗ ನನ್ನ ಗುಡ್ಡದ ವೈನೇ ಇರಬೇಕು. ಈ ಸಲದ್ದೂ ಹುಳಿ ಆತಂದ್ರ, ಲಗ್ನಾ ಮುಂದಿನ ಫಸಲಿಗೆ.”

“ಅಂದ್ರ ವರ್ಷ ತಡಿಬೇಕೇನ್ರಿ?” ಅಂದ ಕಾಕಾ.

“ಅದೂ ಹುಳಿ ಆದ್ರ ಅದರ ಮುಂದಿನ ಫಸಲಿಗೆ.”

ಅಕ್ಕ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಂದಿನಿಂದ ಅಕಿಯ ಲಗ್ನ ಒಂದು ಜಾಡಿಯ ಬಾಯಿಯಲ್ಲಿ ಕೂತಿತು.

ಹೊರಡುವ ಮೊದಲು ವರ ನನ್ನನ್ನು ಮೂಲೆಗೆ ಕರೆದ. ಕೈಸನ್ನೆ ಮಾಡಿ, ಅಕ್ಕನಿಗೆ ‘ನಾನು ಖುಷಿ ಇದ್ದೇನೆ’ ಅಂತ ನಮ್ಮ ಮಾತಿನಲ್ಲಿ ಹೇಳುವುದು ಹೇಗೆ ಅಂತ ಕೇಳಿದ. ನಾನು ಶ್ರದ್ಧೆಯಿಂದ ಕಲಿಸಿದೆ: “ನಾ ಉಡಾಳ ಅದೇನಿ.” ಉಡಾಳ ಅಂದರೆ ಪೋಲಿ, ಓಣಿಯವರು ನನ್ನನ್ನು ಕರೆಯುವ ಮಾತು. ಅವ ಗಾಡಿ ಹತ್ತುವ ತನಕ ತುಟಿಯಲ್ಲೇ ಬಾಯಿಪಾಠ ಮಾಡಿಕೊಂಡ. ಹೇಳಲು ಧೈರ್ಯ ಸಾಲದೆ ಹಾಗೇ ಹೋದ.

ಬೀಗರ ಮಡಿಚಿದ ಛತ್ರಿ ಬಾಗಿಲಿಗೆ ಆನಿಸಿ ನಿಂತಿತ್ತು. ನನ್ನ ಜೇಬಿನಲ್ಲಿ ಚುರುಮುರಿ ಇತ್ತು. ಇವೆರಡೂ ಒಂದೇ ಕಡೆ ಬಂದ ಮೇಲೆ ನನ್ನ ಕೈಯಲ್ಲಿ ಏನಿದೆ ಹೇಳಿರಿ. ಛತ್ರಿಯ ಮಡಿಕೆಯೊಳಗೆ ಮುಷ್ಟಿ ಮುಷ್ಟಿ ಸುರಿದೆ. ಮಳೆ ಬರುವ ತನಕ ಅವರು ಬಿಚ್ಚುವುದಿಲ್ಲ, ಮಳೆ ಬಂದಾಗ ನಾನು ಅಲ್ಲಿ ಇರುವುದಿಲ್ಲ. ಇಷ್ಟು ದೂರ ವಿಚಾರ ಮಾಡಿ ನಾನು ಮುಲ್ಕಿಯಲ್ಲೂ ಬರೆದವನಲ್ಲ.

೪. ಸುಂಕ ತಗೋರಿ ಅಂದರೆ

ಫಸಲು ಹಿಂಡಿದ ಮೇಲೆ ವೈನನ್ನು ಹುಬ್ಬಳ್ಳಿಗೇ ತಂದು ಇಡುವುದು ಅಂತ ಗೊತ್ತಾಯಿತು. ಹಿಕ್ಮತ್ತು ನನ್ನದೇ. ನಮ್ಮ ಹಿತ್ತಲಲ್ಲಿ ಒಂದು ಸಣ್ಣ ಹಗೇವು ಇತ್ತು. ನೆಲದೊಳಗೆ ಜೋಳ ತುಂಬಿಡುವ ತೆಗ್ಗು: ಮೇಲೆ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಹೊಟ್ಟೆ ಅಗಲ, ಮುಚ್ಚಲು ಹಾಸುಗಲ್ಲು. ಅಜ್ಜ ತೀರಿಕೊಂಡ ಮೇಲೆ ಖಾಲಿ ಬಿದ್ದಿತ್ತು. ಎಂಥ ಬೇಸಿಗೆಯಲ್ಲೂ ಒಳಗೆ ತಂಪು. ಈಸ್ಟರ್ ಮುಗಿದ ಮೇಲೆ ಲಗ್ನ, ಅಲ್ಲಿಯ ತನಕ ಜಾಡಿ ಅಲ್ಲಿ.

ಬೀಗರು ಎರಡು ದೊಡ್ಡ ಜಾಡಿಗಳನ್ನು ಮೊಮ್ಮಕ್ಕಳನ್ನು ತರುವ ಹಾಗೆ ಮಗ್ಗಲಿಗೆ ಇಟ್ಟುಕೊಂಡು ಕಾಕಾನ ಗಾಡಿಯಲ್ಲೇ ಹೊರಟರು. ಗಡಿಯ ನಾಕೆಯಲ್ಲಿ ಸುಂಕದವರು ನಿಲ್ಲಿಸಿದರು. ಮುಂದಿನದು ಕಾಕಾ ಹೇಳಿದ್ದು.

“ಏನದು?”

“ವೈನು ಸಾಹೇಬ್ರ” ಅಂದರು ಬೀಗರು ಎದೆ ಉಬ್ಬಿಸಿ. “ನನ್ನ ಗುಡ್ಡದ್ದು.”

ಸುಂಕದವ ಒಂದು ಚಮಚ ರುಚಿ ನೋಡಿದ. ವೈನು ಇನ್ನೂ ಹಸುಗೂಸು, ಸಿಹಿ ಆರಿರಲಿಲ್ಲ. “ಇದೇನು ವೈನು? ದ್ರಾಕ್ಷಿ ಶರಬತ್ತು. ಸುಂಕ ಇಲ್ಲ, ಒಯ್ಯಿರಿ.”

ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕೈ ಮುಗಿದು ಹೋಗುತ್ತಿದ್ದರು. ಬೀಗರ ಮೀಸೆ ನಿಗುರಿ ನಿಂತವು.

“ಶರಬತ್ತು? ಮತ್ತೊಂದು ಚಮಚಾ ಕುಡೀರಿ!”

ಕುಡಿದ. “ಶರಬತ್ತು.”

“ನನ್ನ ಕಡಿಂದ ಸುಂಕ ತಗೋರಿ! ವೈನು ಅಂತ ಪಾವತಿ ಬರದು ಕೊಡ್ರಿ!”

“ಆಗೂದಿಲ್ಲ.”

ಗಾಡಿ ನಿಂತೇ ನಿಂತಿತು. ಬೀಗರು ಇಳಿಯಲಿಲ್ಲ, ಬಿಡಲಿಲ್ಲ. ಪ್ರತಿ ಸಲ ಆ ಮನುಷ್ಯ ಇಲ್ಲ ಅಂದಾಗ ಇವರು ಮತ್ತೊಂದು ಚಮಚ ಕುಡಿಸಿದರು. ಕಡೆಗೆ ಅವನ ಟೊಪ್ಪಿಗೆ ತಾನಾಗಿಯೇ ಒಂದು ಮಗ್ಗಲಿಗೆ ವಾಲಿತು. ಕಣ್ಣು ಕೆಂಪಾದವು. ಬೀಗರ ಹೆಗಲ ಮೇಲೆ ಕೈ ಹಾಕಿ, “ಅಣ್ಣಾ, ನಿಂದು ವೈನು. ಖರೇನ ವೈನು” ಅಂದು ಕಣ್ಣೀರು ಹಾಕಿದ. ಪಾವತಿ ಬರೆಯಲು ಮಾತ್ರ ಕೈ ನಿಲ್ಲಲಿಲ್ಲ.

“ಬರಿಯೂದು ಬ್ಯಾಡ ಬಿಡಪಾ” ಅಂದರು ಬೀಗರು. “ನಿನ್ನ ಟೊಪಿಗೇನ ಹೇಳೇತಿ.”

೫. ಜಪ ಮಾಡುವ ಜಾಡಿ

ಇನ್ನು ಆಯಿಯನ್ನು ಒಪ್ಪಿಸಬೇಕಿತ್ತು. ಲಿಂಗಪೂಜೆಯ ಮನೆಯ ಹಿತ್ತಲಲ್ಲಿ ದಾರು! ಸುಳ್ಳು ಹೇಳಿ ಒಪ್ಪಿಸೋಣ ಅಂತ ನಾನು ಹೊರಟರೆ, ಅಕ್ಕ ನನ್ನನ್ನು ಸರಿಸಿ ತಾನೇ ಹೋಗಿ ಕೂತಳು.

“ಆಯಿ, ನಮ್ಮ ಇಗರ್ಜ್ಯಾಗ ಪಾದ್ರಿಗಳು ಪೂಜಾದಾಗ ಎತ್ತೂದು ಇದನ್ನ. ಲಗ್ನದಾಗ ಹರಸೂದು ಇದರಿಂದ. ಇದು ಕೆಟ್ರ ನನ್ನ ಲಗ್ನಾ ಇಲ್ಲ.”

ಆಯಿ ಕೊರಳ ಲಿಂಗವನ್ನು ಮುಟ್ಟಿಕೊಂಡಳು. “ಹಂಗಾದ್ರ ತೀರ್ಥ ಅನ್ನು” ಅಂದಳು. ಅಲ್ಲಿಗೆ ಮುಗಿಯಿತು. ಜಾಡಿಗಳ ಬಾಯಿಗೆ ಅರಿವೆ ಬಿಗಿದು ಹಗೇವಿಗೆ ಇಳಿಸಿದೆವು. ಮರುದಿನ ಬೆಳಿಗ್ಗೆ ನೋಡಿದರೆ ಹಾಸುಗಲ್ಲಿನ ಮೇಲೆ ಮೂರು ಬೆರಳಿನ ವಿಭೂತಿ, ಒಂದು ದಾಸಾಳ ಹೂವು.

ಕೆಲವು ದಿನ ಕಳೆದ ಮೇಲೆ ಆಯಿ ಕಲ್ಲಿಗೆ ಹೂ ಏರಿಸಲು ಬಗ್ಗಿದಾಗ ಒಳಗಿಂದ ಸದ್ದು ಬಂತು. ಸುಸ್ಸ್… ಗುಳುಗುಳು… ಸುಸ್ಸ್. ಹುದುಗು ಬಂದ ರಸ ಅಲ್ಲವೇ, ಕುದಿಯುತ್ತಿತ್ತು. ಆಯಿ ಮೆಲ್ಲಕೆ ಕೈ ಮುಗಿದಳು.

“ಜಪಾ ಮಾಡಾಕತ್ತೈತಿ.”

ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ಕಲ್ಲಿಗೆ ಕಿವಿ ಹಚ್ಚಿದರು. ಅಂಥ ಅವಕಾಶ ಬಿಡುವವನಲ್ಲ ನಾನು. ಕಲ್ಲಿನ ಮೇಲೆ ಬೋರಲು ಬಿದ್ದು, ಕಿವಿ ಕೊಟ್ಟು, ಕಣ್ಣು ಮುಚ್ಚಿ, ಅದು ಹೇಳಿದ್ದನ್ನು ಹೇಳತೊಡಗಿದೆ. “ಓಣಿಗೆ ಒಳ್ಳೇದು ಆಗತೈತಂತ.” ಎಲ್ಲರೂ ಕೈ ಮುಗಿದರು. “ಈ ಮನಿ ಹುಡುಗನ್ನ ಬೈಬಾರದಂತ.” ಕೈ ಮುಗಿದರು. “ದಿನಾ ಅವನಿಗೆ ಒಂದು ಹೆಂಟಿ ಬೆಲ್ಲಾ, ಮ್ಯಾಲ ಒಂದು ಮುಷ್ಟಿ ಪುಟಾಣಿ ಕೊಡಬೇಕಂತ.”

ಕೆಲವು ದಿನ ಬೆಲ್ಲ ಬಂತು. ಗಾಳಿ ತಿರುಗಿದ್ದನ್ನು ನೋಡಿ ನಾನು ಧಾರವಾಡದ ಫೇಡೆಗೂ ಅರ್ಜಿ ಹಾಕಿದೆ. ಆಗ ಆಯಿ ನನ್ನ ಕಿವಿ ಹಿಡಿದು ಎಬ್ಬಿಸಿದಳು.

“ಅದು ಬಂದದ್ದು ಎಲ್ಲಿಂದಲೇ?”

“ಗೋವಾದ ಕಡಿಂದ, ಆಯಿ.”

“ಬಂದು ಎಷ್ಟು ದಿನ ಆತು? ಹುಟ್ಟಾ ಕೊಂಕಣಿ ಮಾತಾಡೂ ತೀರ್ಥ ಇಷ್ಟು ಲಗೂ ಧಾರವಾಡದ ಫೇಡೆ ಹೆಸರ ಹೆಂಗ ಕಲೀತು?”

೬. ಛತ್ರಿ ಬಿಚ್ಚಿತು

ಲಗ್ನದ ದಿನ ಮುಂಜಾನೆ. ಇಗರ್ಜಿಯಲ್ಲಿ ಲಗ್ನ, ಆಮೇಲೆ ಕಾಕಾನ ಅಂಗಳದ ಹಂದರದಲ್ಲಿ ಊಟ. ಬೀಗರು ಕರೀ ಸೂಟು ಹಾಕಿಕೊಂಡು, ಛತ್ರಿ ಹಿಡಿದು, ತಮ್ಮಂದಿರ ದಂಡನ್ನೇ ಕಟ್ಟಿಕೊಂಡು ಬಂದಿದ್ದರು. ಆ ತಮ್ಮಂದಿರು ಬರುವಾಗಲೇ ಉಪ್ಪಿನಕಾಯಿಯ ಮಾತಾಡಿ ನಗುತ್ತಿದ್ದರು. ವೈನು ತೆಗೆಯಲು ಎಲ್ಲರೂ ನಮ್ಮ ಹಿತ್ತಲಿಗೆ ಬಂದರು.

ಹಾಸುಗಲ್ಲು ಸರಿಸಿದೆವು. ಹಗೇವು ತೆರೆದ ಕೂಡಲೆ ಯಾರೂ ಇಳಿಯುವುದಿಲ್ಲ. ಮೊದಲು ದೀಪ ಇಳಿಸಿ ನೋಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಒಳಗಿನ ಗಾಳಿ ಜೀವ ತೆಗೆಯುತ್ತದೆ. ಇದು ನಮ್ಮ ಕಡೆಯ ಕೂಸಿಗೂ ಗೊತ್ತು. ಆಯಿ ಪಣತಿಯನ್ನು ಹಗ್ಗಕ್ಕೆ ಕಟ್ಟಿ ಬಿಟ್ಟಳು. ಬಾಯಿ ದಾಟುತ್ತಲೇ ಆರಿತು. ಮತ್ತೆ ಹಚ್ಚಿದಳು. ಮತ್ತೆ ಆರಿತು.

“ಅದು ನನ್ನ ದ್ರಾಕ್ಷಿ ಉಸರು, ಅಮ್ಮಾರ” ಅಂದರು ಬೀಗರು. “ಏನೂ ಮಾಡೂದಿಲ್ಲ. ನಾ ಇಳೀತೀನಿ.” ಹೊಟ್ಟೆಯನ್ನು ಬಾಯಿಗೆ ಹಿಡಿದು ನೋಡಿದರು. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಆಗ ತೆಳ್ಳಗಿನ ಮದುಮಗ ಕೋಟು ಬಿಚ್ಚಿ ಮುಂದೆ ಬಂದ.

ಆಯಿ ಹೋಗಿ ಹಗೇವಿನ ಬಾಯಿಗೆ ಅಡ್ಡ ಕೂತುಬಿಟ್ಟಳು.

“ದೀಪ ನಿಲ್ಲೂ ತನಕ ಯಾರೂ ಇಳಿಯೂಹಂಗಿಲ್ಲ.”

“ಹೊತ್ತು ಆಗಾಕತ್ತೈತ್ರಿ, ಪಾದ್ರಿಗಳು ಕಾಯಾಕತ್ತಾರ” ಅಂದ ಕಾಕಾ. “ವೈನು ಬರಲಿಲ್ಲಂದ್ರ ಇವರು ಲಗ್ನಾ ಮುಂದ ಹಾಕತಾರ.”

“ಲಗ್ನಾ ಮುಂದ ಹೋಗ್ಲಿ. ಹುಡುಗ ಹೋಗಬಾರದು.”

ಗೋಡೆಯ ಆಚೆ ಬಿಳೀ ಅರಿವೆಯಲ್ಲಿ ಅಕ್ಕ ನಿಂತಿದ್ದಳು. ಆಯಿ ಆ ಕಡೆ ನೋಡಲಿಲ್ಲ. ನೋಡಿದರೆ ಎದ್ದು ಬಿಡುತ್ತೇನೆ ಅನ್ನಿಸಿರಬೇಕು.

ಸ್ವಲ್ಪ ಹೊತ್ತಿನ ಮೇಲೆ ಆಯಿಯೇ ಹೇಳಿದಳು. “ಬಾವಿ ಹೂಳು ತಗಿಯೂ ಮುಂದ ಒಳಗ ಛತ್ರಿ ಬಿಟ್ಟು ಗಾಳಿ ಕಲಕಿಸತಿದ್ರು. ಬೀಗರ ಛತ್ರಿ ತರ್ರಿ.”

“ಛತ್ರಿ ಬ್ಯಾಡ!” ಅಂತ ಒದರಿದೆ ನಾನು.

“ಯಾಕಲೇ?”

“ಅದು… ಮಳಿ ಛತ್ರಿ, ಆಯಿ.”

ಯಾರು ಕೇಳುತ್ತಾರೆ? ಬೀಗರು ಗುಂಡಿ ಬಿಚ್ಚಿ, ತಲೆಯ ಮೇಲೆ ಎತ್ತಿ ಹಿಡಿದು, ಛತ್ರಿಯನ್ನು ಫಟ್ ಅಂತ ಅರಳಿಸಿದರು. ಮೆತ್ತಗಾದ ಚುರುಮುರಿ ಅವರ ತಲೆ, ಮೀಸೆ, ಕರೀ ಸೂಟು, ತಮ್ಮಂದಿರ ಟೊಪ್ಪಿಗೆಗಳ ಮೇಲೆಲ್ಲ ಸುರಿಯಿತು. ಆಯಿ ನನ್ನ ಮುಖ ನೋಡಿದಳು. ಬೀಗರು ಒಂದು ಕಾಳು ಮೀಸೆಯಿಂದ ತೆಗೆದು ನೋಡಿ, “ನಿಮ್ಮ ಕಡೆ ಅಕ್ಷತಾ ಮೊದಲ ವರನ ಅಪ್ಪಗ ಬೀಳತಾವೇನ್ರಿ?” ಅಂತ ಕೇಳಿದರು.

“ಹೌದ್ರಿ” ಅಂದೆ.

ಛತ್ರಿಯ ಹಿಡಿಗೆ ಹಗ್ಗ ಕಟ್ಟಿ ತುದಿ ಕೆಳಗೆ ಮಾಡಿ ಬಿಟ್ಟೆವು. ಇಳಿಯುವಾಗ ಮುಚ್ಚಿಕೊಳ್ಳುತ್ತಿತ್ತು, ಎಳೆಯುವಾಗ ಅರಳುತ್ತಿತ್ತು. ಎಳೆಯುವ ಶಿಕ್ಷೆ ನನಗೇ ಬಂತು. ಬಾವಿಯ ನೀರು ಸೇದಿದ ಹಾಗೆ ಗಾಳಿ ಸೇದಿದೆ. ಕೈ ಬಿದ್ದು ಹೋಗುವ ಹೊತ್ತಿಗೆ ಆಯಿ ಮತ್ತೆ ಪಣತಿ ಬಿಟ್ಟಳು. ಬಾಯಿ ದಾಟಿತು. ಹೊಟ್ಟೆ ದಾಟಿತು. ತಳದಲ್ಲಿ ನಿಂತು ಸಣ್ಣಗೆ ಉರಿಯಿತು. ಆಯಿ ಆಗ ಮಾತ್ರ ಗೋಡೆಯ ಕಡೆ ನೋಡಿದಳು.

ಮದುಮಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಜಾಡಿಗಳು ಮೇಲೆ ಬಂದವು, ಅವುಗಳ ಹಿಂದೆ ಅವ ಬಂದ. ತಲೆ ತುಂಬ ಹಳೇ ಜೋಳದ ಹೊಟ್ಟು, ಮೂಗಿನ ಮೇಲೆ ಜೇಡರ ಬಲೆ. ಎದುರಿಗೆ ಅಕ್ಕ. ಇಷ್ಟು ದಿನ ಕಾಯ್ದಿಟ್ಟ ಧೈರ್ಯವನ್ನೆಲ್ಲ ಒಟ್ಟು ಮಾಡಿ, ಎದೆಗೆ ಕೈ ಇಟ್ಟು, ಪಾದ್ರಿಗಳಿಗೂ ಕೇಳಿಸುವಂತೆ ಹೇಳಿದ:

“ನಾ ಉಡಾಳ ಅದೇನಿ!”

ಬೆಳಗಿನಿಂದ ಅಳು ತಡೆದು ನಿಂತಿದ್ದ ಅಕ್ಕ ನಕ್ಕು ನಕ್ಕು ಗೋಡೆ ಹಿಡಿದು ಕೂತಳು. ಆಯಿ, “ಇಷ್ಟು ಖರೇ ಮಾತಾಡೂ ಅಳಿಯಾ ಎಲ್ಲಿ ಸಿಗತಾನ, ಒಯ್ದು ತಾಳಿ ಕಟ್ಟಸ್ರಿ” ಅಂದಳು.

೭. ಕಣ್ಣು

ಲಗ್ನ ಆಯಿತು. ಹಂದರದಲ್ಲಿ ಬೀಗರು ತಾವೇ ವೈನು ಸುರಿದರು. ದೊಡ್ಡ ತಮ್ಮ ಒಂದು ಗುಟುಕು ಕುಡಿದು ಹುಬ್ಬು ಗಂಟಿಕ್ಕಿದ. “ಇದರಾಗ ಜ್ವಾಳದ ವಾಸನಿ ಐತಂತ” ಅಂತ ಕಾಕಾ ನನಗೆ ತಿಳಿಸಿ ಹೇಳಿದ. ಬೀಗರು ಬೆವತರು. ತಮ್ಮ, ಖಾತ್ರಿ ಮಾಡಿಕೊಳ್ಳಲು ಇನ್ನಷ್ಟು ಬೇಕು ಅಂದ. ಖಾತ್ರಿ ಆಗಲಿಲ್ಲ, ಇನ್ನಷ್ಟು ಬೇಕು ಅಂದ. ಮಗ್ಗಲಲ್ಲಿ ಅಕ್ಕನ ಬಂಗುಡೆಯ ಎಣ್ಣೆಗಾಯಿ ಇತ್ತು. ಅದರ ಜೋಡಿ ಉಳಿದ ತಮ್ಮಂದಿರಿಗೂ ಖಾತ್ರಿ ಸಾಲದಾಯಿತು. ಊಟ ಮುಗಿಯುವ ಹೊತ್ತಿಗೆ ಅವರೆಲ್ಲ ಅಣ್ಣನ ಹತ್ತಿರ ಬಳ್ಳಿಯ ತುಂಡು ಬೇಡುತ್ತ, ಯಾವ ಗುಡ್ಡ ಯಾರಿಗೆ ಅಂತ ಜಗಳಾಡುತ್ತಿದ್ದರು.

ಆಯಿ ಹಂದರಕ್ಕೆ ಬಂದಿರಲಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತು ಗೋಡೆಯ ಮೇಲಿಂದ ನೋಡುತ್ತಿದ್ದಳು. ಬೀಗರು ಒಂದು ಬೆಳ್ಳಿ ಬಟ್ಟಲಲ್ಲಿ ವೈನು ತಂದು, ಟೊಪ್ಪಿಗೆ ತೆಗೆದು, ಎರಡೂ ಕೈಯಿಂದ ಹಿಡಿದು ನಿಂತರು.

“ನಿಮ್ಮ ತೀರ್ಥ ಅಮ್ಮಾರ. ನೀವು ಕಾಯ್ದದ್ದು.”

ಆಯಿ ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಂಡಳು. ಬಟ್ಟಲಲ್ಲಿ ಉಳಿದದ್ದನ್ನು ಹನಿ ಹನಿ ತೆಗೆದು ಅಕ್ಕನ ತಲೆಯ ಮೇಲೆ, ಮದುಮಗನ ತಲೆಯ ಮೇಲೆ ಚಿಮುಕಿಸಿದಳು. ಬಾಯಿಗೆ ಮಾತ್ರ ಇಟ್ಟುಕೊಳ್ಳಲಿಲ್ಲ. ಆದರೂ ಅದಕ್ಕಿಂತ ಛಲೋ ಯಾರೂ ಅವತ್ತು ಹರಸಲಿಲ್ಲ.

ಅವರ ಗಾಡಿಗೆ ಹೊತ್ತಾಗಿತ್ತು. ಆ ಗಾಡಿಗೆ ಕಾಕಾನೇ ಗಾರ್ಡ್. “ಮಗಳನ್ನ ಒಯ್ಯೂ ಗಾಡಿಗೆ ನಾನ ಹಸರ ನಿಶಾನಿ ತೋರಸಬೇಕು ನೋಡು” ಅಂದು ನಿಶಾನೆಯಿಂದಲೇ ಕಣ್ಣು ಒರೆಸಿಕೊಂಡ.

ಆಗ ಅಕ್ಕ ಒಂದು ತಾಟು ತಂದು ಆಯಿಯ ಮುಂದೆ ಕೂತಳು. ಬೆಳಗಿನ ಜಾವ ಎದ್ದು, ಮಿಂದು, ಹೊಸ ಗಡಿಗೆಯಲ್ಲಿ ಬೇರೆಯಾಗಿ ಮಾಡಿಟ್ಟದ್ದಂತೆ. ಒಂದು ರೊಟ್ಟಿ, ಒಂದು ಖರೇ ಬದನೀಕಾಯಿಯ ಎಣ್ಣೆಗಾಯಿ. ಹುಟ್ಟಿದಾಗಿನಿಂದ ಕೊಡದೆ ಇದ್ದದ್ದನ್ನು ಹೋಗುವಾಗ ತಂದಿದ್ದಳು. ಬಾಯಿಂದ ಏನೂ ಕೇಳಲಿಲ್ಲ, ತಾಟು ಇಟ್ಟು ಸುಮ್ಮನೆ ಕೂತಳು.

ಆಯಿ ರೊಟ್ಟಿ ಮುರಿದು, ಎಣ್ಣೆಗಾಯಿಗೆ ಹಚ್ಚಿ, ಬಾಯಿಯ ತನಕ ಒಯ್ದು ನಿಲ್ಲಿಸಿದಳು. ಇನ್ನೊಂದು ಕೈಯಿಂದ ನನ್ನ ಕಿವಿ ಹಿಡಿದು ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದಳು:

“ಖರೇ ಹೇಳಲೇ ಭಾಡ್ಯಾ. ಇದಕ್ಕರ ಕಣ್ಣು ಇಲ್ಲಲ್ಲ?”

ಸಮುದ್ರದ ಬದನೀಕಾಯಿಯ ಬಾಲ, ಬಳ್ಳೊಳ್ಳಿ, ವಾಸನೆ… ಆಯಿಗೆ ಅವತ್ತೇ ಎಲ್ಲ ಗೊತ್ತಿತ್ತು. ಇಷ್ಟು ದಿನ ಮರುಳಾಗಿದ್ದವ ನಾನು. ಆದರೂ ಸೋಲೊಪ್ಪುವ ಜಾತಿ ನನ್ನದಲ್ಲ.

“ಅದಾವ ಆಯಿ” ಅಂದೆ. “ನಿನ್ನ ಕಡೇನ ನೋಡಾಕತ್ತಾವ.”

“ನೋಡ್ಲಿ ಬಿಡು. ನಮ್ಮ ಹುಡುಗಿ ಮಾಡ್ಯಾಳ” ಅಂದು ಆಯಿ ತಾನೇ ಕಣ್ಣು ಮುಚ್ಚಿಕೊಂಡು ತುತ್ತು ಬಾಯಿಗಿಟ್ಟಳು.